ಜಿನೀವಾದ ಕಳವಳ, ಯಲ್ಲಮ್ಮನ ಗುಡ್ಡದ ಲೆಕ್ಕ

ವಿಶ್ವಸಂಸ್ಥೆಯ ಮಹಿಳಾ ತಾರತಮ್ಯ ನಿರ್ಮೂಲನಾ ಸಮಿತಿ 2014ರಲ್ಲಿ ಜಿನೀವಾದಲ್ಲಿ ಭಾರತದ ವರದಿಯನ್ನು ಪರಿಶೀಲಿಸಿತು. ಬಾಲ್ಯವಿವಾಹ, ವರದಕ್ಷಿಣೆ, ಮರ್ಯಾದೆಯ ಹೆಸರಿನ ಕೊಲೆ, ಹೆಣ್ಣುಭ್ರೂಣ ಹತ್ಯೆಗಳ ಜತೆಗೆ ದೇವದಾಸಿ ಪದ್ಧತಿಯೂ ಅಳಿಯದೆ ಉಳಿದಿದೆ ಎಂದು ಅದು ಕಳವಳ ದಾಖಲಿಸಿತು. ಅದಕ್ಕೂ ಮೊದಲು, 2007ರಲ್ಲಿ, ಜನಾಂಗೀಯ ತಾರತಮ್ಯ ನಿರ್ಮೂಲನಾ ಸಮಿತಿ ದಲಿತ ಹೆಣ್ಣುಮಕ್ಕಳ ಹೆಸರೆತ್ತಿಯೇ ಇದನ್ನು ಹೇಳಿತ್ತು. ಎರಡೂ ವರದಿಗಳಲ್ಲಿ ಈ ಪದ್ಧತಿಗೆ ಸಿಕ್ಕ ಜಾಗ ಒಂದೆರಡು ಸಾಲು. ಆ ಸಾಲುಗಳ ಹಿಂದೆ ನಿಂತಿರುವ ಊರುಗಳಲ್ಲಿ ಬೆಳಗಾವಿ ಜಿಲ್ಲೆಯ ಸವದತ್ತಿಯೂ ಒಂದು. ರಾಮದುರ್ಗ, ಬೈಲಹೊಂಗಲ, ಕಿತ್ತೂರು, ಗೋಕಾಕ ಸೀಮೆಯ ಹಳ್ಳಿಗಳಿಂದ ಅಲ್ಲಿನ ಯಲ್ಲಮ್ಮನ ಗುಡ್ಡಕ್ಕೆ ನಡೆದುಕೊಳ್ಳುವ ಮನೆತನಗಳಿಗೆ ಲೆಕ್ಕವಿಲ್ಲ.

ಅಂತರರಾಷ್ಟ್ರೀಯ ನೆರವು ಎಂದರೆ ನಮಗೆ ಥಟ್ಟನೆ ನೆನಪಾಗುವುದು ಕಾಂಗೋ, ಬೋಸ್ನಿಯಾ, ದಕ್ಷಿಣ ಸುಡಾನ್. ನೀಲಿ ಟೋಪಿಯ ಶಾಂತಿಪಾಲಕರು, ನಿರಾಶ್ರಿತರ ಡೇರೆಗಳು. ಯುದ್ಧವಿಲ್ಲದ ನಾಡಿನ ಒಂದು ಮೂಲೆಗೂ ಆ ನೆರವು ಬರುತ್ತದೆ. ಅಲ್ಲಿ ಅದು ಒಡಂಬಡಿಕೆಯಾಗಿ, ಸಂಶೋಧಕರ ತಂಡವಾಗಿ, ದಾನಿ ಸಂಸ್ಥೆಯ ಹಣವಾಗಿ, ಒಮ್ಮೊಮ್ಮೆ ಬರೀ ಕ್ಯಾಮೆರಾ ಆಗಿ ಬರುತ್ತದೆ. ಯಲ್ಲಮ್ಮನ ಸೀಮೆ ಇಷ್ಟನ್ನೂ ಕಂಡಿದೆ. ಹಾಗೆ ಬಂದದ್ದರಲ್ಲಿ ಉಳಿದದ್ದೆಷ್ಟು, ಯಾಕೆ ಎಂಬುದನ್ನು ಒಟ್ಟಾಗಿ ನೋಡುವುದು ಈ ಲೇಖನದ ಉದ್ದೇಶ. ನನ್ನ ವಾದ ಸರಳ: ಹೊರಗಿನ ನೆರವು ಆ ಹೆಣ್ಣುಮಕ್ಕಳದೇ ಸಂಘಗಳ ಕೈಗೆ ದಾಟಿದಲ್ಲಿ ಉಳಿಯಿತು, ಅವರನ್ನು ರೋಗದ ಅಥವಾ ಕರುಣೆಯ ಲೆಕ್ಕಕ್ಕಷ್ಟೇ ಹಿಡಿದಲ್ಲಿ ಯೋಜನೆಯ ಅವಧಿ ಮುಗಿದ ಕೂಡಲೇ ಕರಗಿತು.

ಮುತ್ತು ಯಾಕೆ ಕಟ್ಟುತ್ತಾರೆ

ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ದವನದ ಹುಣ್ಣಿಮೆಗಳಲ್ಲಿ ಗುಡ್ಡ ತುಂಬುತ್ತದೆ. ಕರ್ನಾಟಕದವರಷ್ಟೇ ಅಲ್ಲ, ಮಹಾರಾಷ್ಟ್ರ, ಗೋವಾ, ಆಂಧ್ರ, ತೆಲಂಗಾಣದ ಭಕ್ತರೂ ಬರುತ್ತಾರೆ. ಜೋಗುಳಬಾವಿಯಲ್ಲಿ ಮಿಂದು, 'ಉಧೋ ಉಧೋ' ಎನ್ನುತ್ತ ಗುಡ್ಡ ಹತ್ತುವವರಲ್ಲಿ ಬಹುಪಾಲು ಮಂದಿಗೂ ಮುತ್ತು ಕಟ್ಟುವುದಕ್ಕೂ, ಎಂದರೆ ಹುಡುಗಿಯನ್ನು ದೇವಿಗೆ ಒಪ್ಪಿಸಿ ದೇವದಾಸಿ ಮಾಡುವುದಕ್ಕೂ, ಏನೂ ಸಂಬಂಧವಿಲ್ಲ. ಹರಕೆ ತೀರಿಸಿ, ಪಡಲಿಗೆ ತುಂಬಿಸಿ ಊರಿಗೆ ಮರಳುತ್ತಾರೆ. ಹೊರಗಿನ ಬರಹಗಳು ಅನೇಕ ಸಲ ಈ ವ್ಯತ್ಯಾಸ ಮರೆತು ಇಡೀ ಗುಡ್ಡವನ್ನೇ ಕಟಕಟೆಗೆ ಹತ್ತಿಸಿವೆ. ಸ್ಥಳೀಯರ ಸಿಟ್ಟಿಗೆ ಇದು ಮೊದಲ ಕಾರಣ.

ಮುತ್ತು ಕಟ್ಟುವ ಮನೆಗಳ ಕಾರಣಗಳು ಬೇರೆ ಬೇರೆ. ತಲೆಯಲ್ಲಿ ಜಡೆ ಕಂಡರೆ ದೇವಿಯ ಕರೆ ಎಂಬ ನಂಬಿಕೆ ಒಂದು. ಮನೆಯವರ ಕಾಯಿಲೆ ವಾಸಿಯಾಗಲೆಂಬ ಹರಕೆ ಇನ್ನೊಂದು. ಗಂಡುಮಕ್ಕಳಿಲ್ಲದ ಮನೆ ಮಗಳನ್ನೇ ಮಗನಂತೆ ಉಳಿಸಿಕೊಳ್ಳುವ ಲೆಕ್ಕ ಮೂರನೆಯದು: ಮುತ್ತು ಕಟ್ಟಿಸಿಕೊಂಡವಳು ತವರಲ್ಲೇ ಇರುತ್ತಾಳೆ, ಮುಪ್ಪಾದವರನ್ನು ಸಾಕುತ್ತಾಳೆ, ಇದ್ದ ಮನೆ, ತುಂಡು ಹೊಲಕ್ಕೆ ವಾರಸುದಾರಳಾಗುತ್ತಾಳೆ. ಈ ಎಲ್ಲದರ ತಳದಲ್ಲಿ ಭೂಮಿಯಿಲ್ಲದ ದಲಿತ ಕೇರಿಯ ಬಡತನವಿದೆ, ಊರ ಉಳ್ಳವರ ಕಣ್ಣಿದೆ. ಹೆಣ್ಣು ಮೈನೆರೆದ ಮೇಲೆ ದೇವಿಯ ಹೆಸರು ಹಿಂದಕ್ಕೆ ಸರಿದು ಊರ ಗಂಡಸರ ಹಕ್ಕು ಮುಂದೆ ಬರುತ್ತದೆ. ಅಲ್ಲಿಂದ ನಿಪ್ಪಾಣಿ, ಸಾಂಗ್ಲಿ, ಪುಣೆ, ಮುಂಬೈಯ ದಾರಿ ದೂರವೇನಲ್ಲ.

ಗಂಡು ಸಂತಾನವಿಲ್ಲದ ಮನೆಯ ವಾರಸುದಾರಿಕೆಯ ಪ್ರಶ್ನೆಗೆ ನಿಜವಾದ ಮದ್ದು ಹೆಣ್ಣಿನ ಆಸ್ತಿ ಹಕ್ಕು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು. ದೇಶದ ಮಟ್ಟದಲ್ಲಿ ಅದು ಬಂದದ್ದು 2005ರಲ್ಲಿ. ಮುತ್ತು ಕಟ್ಟದೆಯೂ ಮಗಳು ವಾರಸುದಾರಳಾಗಬಹುದು ಎಂಬ ಈ ಬದಲಾವಣೆ ದೇವದಾಸಿ ನಿರ್ಮೂಲನೆಯ ಚರ್ಚೆಯಲ್ಲಿ ಕಾಣುವುದು ಅಪರೂಪ.

ಒಡಂಬಡಿಕೆಗಳ ಸಾಲು

ಕಾನೂನಿನ ಕತೆ ಹಳೆಯದು. ಬೆಳಗಾವಿ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಅಲ್ಲಿ 1934ರಲ್ಲೇ ದೇವದಾಸಿ ರಕ್ಷಣಾ ಕಾಯ್ದೆ ಬಂತು. ಮದ್ರಾಸಿನಲ್ಲಿ ಮುತ್ತುಲಕ್ಷ್ಮಿ ರೆಡ್ಡಿಯವರ ದೀರ್ಘ ಹೋರಾಟದ ಫಲವಾಗಿ 1947ರಲ್ಲಿ ನಿಷೇಧವಾಯಿತು. ಇವು ಬರಿಯ ಸ್ಥಳೀಯ ಎಚ್ಚರದ ಫಲವಲ್ಲ. ಹೆಂಗಸರು ಮತ್ತು ಮಕ್ಕಳ ಸಾಗಣೆಯ ವಿರುದ್ಧ 1921ರಲ್ಲೇ ಲೀಗ್ ಆಫ್ ನೇಷನ್ಸ್ ಒಡಂಬಡಿಕೆ ಮಾಡಿತ್ತು. ಭಾರತ ಆ ಲೀಗಿನ ಮೂಲ ಸದಸ್ಯ ರಾಷ್ಟ್ರ.

ಸ್ವಾತಂತ್ರ್ಯದ ನಂತರ ಸಂವಿಧಾನದ 23ನೇ ವಿಧಿ ಮನುಷ್ಯರ ಮಾರಾಟವನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿತು. ಅದರ ಪಕ್ಕಕ್ಕೆ ಒಂದೊಂದಾಗಿ ಒಡಂಬಡಿಕೆಗಳು ಸೇರಿದವು. ಬಲವಂತದ ದುಡಿಮೆಯ ವಿರುದ್ಧ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಒಡಂಬಡಿಕೆಯನ್ನು ಭಾರತ 1954ರಲ್ಲಿ ಒಪ್ಪಿತು. ಗುಲಾಮಗಿರಿಯನ್ನು ಹೋಲುವ ಪದ್ಧತಿಗಳ ವಿರುದ್ಧದ ಪೂರಕ ಒಡಂಬಡಿಕೆಗೆ 1960ರಲ್ಲಿ, ಮಕ್ಕಳ ಹಕ್ಕುಗಳ ಒಡಂಬಡಿಕೆಗೆ 1992ರಲ್ಲಿ, ಸೀಡಾ ಎಂದು ಹೆಸರಾದ ಮಹಿಳಾ ಒಡಂಬಡಿಕೆಗೆ 1993ರಲ್ಲಿ ಒಪ್ಪಿಗೆ ಬಿತ್ತು.

ಈ ಸಹಿಗಳು ನೆಲಕ್ಕೆ ಇಳಿಯುವುದು ಹೇಗೆ? ಒಂದು ದಾರಿ ನ್ಯಾಯಾಲಯ. ದುಡಿಮೆಯ ಜಾಗದ ಲೈಂಗಿಕ ಕಿರುಕುಳ ಕುರಿತ 1997ರ ವಿಶಾಖಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸೀಡಾವನ್ನು ಆಧಾರವಾಗಿ ಹಿಡಿಯಿತು. ದೇಶದ ಕಾನೂನು ಮೌನವಾಗಿರುವಲ್ಲಿ ಒಡಂಬಡಿಕೆಯನ್ನು ಓದಿಕೊಳ್ಳಬಹುದು ಎಂಬ ದಾರಿ ಹಾಗೆ ಗಟ್ಟಿಯಾಯಿತು. ದೇವದಾಸಿ, ಜೋಗಿನಿ ಪದ್ಧತಿಗಳ ಬಗ್ಗೆ 1990ರ ವಿಶಾಲ್ ಜೀತ್ ಪ್ರಕರಣದಲ್ಲಿಯೇ ಅದೇ ಕೋರ್ಟ್ ಸರ್ಕಾರಗಳಿಗೆ ನಿರ್ದೇಶನ ಕೊಟ್ಟಿತ್ತು. ಇನ್ನೊಂದು ದಾರಿ ಶಾಸನಸಭೆ. ಕರ್ನಾಟಕದ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ 1982ರದು, ಜಾರಿಗೆ ಬಂದದ್ದು 1984ರಲ್ಲಿ. ಮುತ್ತು ಕಟ್ಟಿಸಿದವರಿಗೆ ಮೂರು ವರ್ಷದವರೆಗೆ, ತಂದೆತಾಯಿ, ಪೋಷಕರೇ ಆಗಿದ್ದರೆ ಐದು ವರ್ಷದವರೆಗೆ ಜೈಲು ಎಂದು ಅದು ಹೇಳಿತು. ಈಗಾಗಲೇ ಮುತ್ತು ಕಟ್ಟಿಸಿಕೊಂಡವಳು ನಾಳೆ ಏನುಣ್ಣಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಕೇಸುಗಳು ಬೆರಳೆಣಿಕೆಯಷ್ಟೇ ಆದವು. ಹೆತ್ತವರ ಮೇಲೆ ದೂರು ಕೊಡುವ ಮಗಳು ಸಿಗುವುದು ಸುಲಭವಲ್ಲ. ಗುಡ್ಡದ ಮೇಲೆ ಬಹಿರಂಗವಾಗಿ ನಡೆಯುತ್ತಿದ್ದದ್ದು ಪೊಲೀಸರ ಕಣ್ಣು ತಪ್ಪಿಸಿ ಮನೆಯೊಳಗೆ, ಬೇರೆ ಊರಿನ ಸಣ್ಣ ಗುಡಿಗಳಿಗೆ ಸರಿಯಿತು.

ಹೊರಗಿನವರಿಗೇನು ಅಧಿಕಾರ?

ಈ ಸೀಮೆಯಲ್ಲಿ ಈ ಪ್ರಶ್ನೆಗೆ ಇತಿಹಾಸದ ಭಾರವಿದೆ. ಶಿವಲಿಂಗಪ್ಪನ ದತ್ತಕವನ್ನು ಒಪ್ಪದೆ, ಸಂಸ್ಥಾನದ ವಾರಸು ಯಾರೆಂದು ತಾನೇ ತೀರ್ಮಾನಿಸುತ್ತೇನೆಂದು ಬಂದ ಕಂಪನಿ ಸರ್ಕಾರದ ಎದುರು ಕಿತ್ತೂರು 1824ರ ಅಕ್ಟೋಬರ್ 23ರಂದು ಬಂದೂಕು ಎತ್ತಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಅಂದು ಸತ್ತ. ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯ ಸೆರೆಯಲ್ಲೇ 1829ರಲ್ಲಿ ತೀರಿಕೊಂಡರು. ಸುಧಾರಣೆ, ಸುವ್ಯವಸ್ಥೆ ಎಂಬ ಮಾತು ಹೇಳುತ್ತ ಬರುವ ಹೊರಗಿನವರ ಮೇಲೆ ಇಲ್ಲಿಯ ಜನಕ್ಕೆ ಅನುಮಾನವಿದ್ದರೆ ಅದು ನಿರಾಧಾರವಲ್ಲ.

ದೇಶದ ಮಟ್ಟದಲ್ಲಿ ಈ ಅನುಮಾನ ಸರ್ಕಾರದ ನಿಲುವೇ ಆಯಿತು. ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ 2001ರಲ್ಲಿ ಜನಾಂಗೀಯತೆ ವಿರೋಧಿ ವಿಶ್ವ ಸಮ್ಮೇಳನ ನಡೆದಾಗ ಜಾತಿಯನ್ನು ಚರ್ಚೆಗೆ ತರಕೂಡದು, ಅದು ನಮ್ಮ ಒಳಗಿನ ವಿಷಯ ಎಂದು ಭಾರತ ವಾದಿಸಿತು. ಅಲ್ಲಿಗೆ ಹೋಗಿದ್ದ ದಲಿತ ಸಂಘಟನೆಗಳು ತದ್ವಿರುದ್ಧ ಹೇಳಿದವು: ಊರೊಳಗೆ ನ್ಯಾಯ ಸಿಗದವರು ಊರ ಹೊರಗೆ ಕೂಗಲೇಬೇಕು. ಮರುವರ್ಷ ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿರ್ಮೂಲನಾ ಸಮಿತಿ, ಹುಟ್ಟಿನ ಆಧಾರದ ತಾರತಮ್ಯವೂ ತನ್ನ ವ್ಯಾಪ್ತಿಗೆ ಬರುತ್ತದೆ ಎಂದು ಸ್ಪಷ್ಟಪಡಿಸಿತು. ಮೊದಲು ಹೇಳಿದ 2007ರ ಮಾತು ಬಂದದ್ದು ಅದರ ಬೆನ್ನಿಗೆ.

ಎರಡೂ ಕಡೆ ಸತ್ಯವಿದೆ. 1824ರಲ್ಲಿ ಬಂದವರು ಕೇಳಿದ್ದು ರಾಜ್ಯವನ್ನು. 2001ರಲ್ಲಿ ಹೊರಗೆ ಹೋದವರು ಕೇಳಿದ್ದು ಮಾನವನ್ನು. ಸಾರ್ವಭೌಮತೆಯ ಮಾತನ್ನು ಯಾರು ಆಡುತ್ತಿದ್ದಾರೆ, ಯಾರ ವಿರುದ್ಧ ಆಡುತ್ತಿದ್ದಾರೆ ಎಂಬುದನ್ನು ನೋಡದೆ ಅದನ್ನು ತೂಗಲಾಗದು.

ನಿರಾಶ್ರಿತರ ಸಂಸ್ಥೆ, ದೇವದಾಸಿಯರ ಸಂಘ

ನೆಲದ ಮೇಲಿನ ಕೆಲಸದಲ್ಲಿ ಮೊದಲು ಹೇಳಬೇಕಾದದ್ದು ಮೈರಾಡ ಸಂಸ್ಥೆಯ ಕತೆ. ತೊಂದರೆಗೆ ಸಿಕ್ಕ ಒಂದು ದೇಶದಿಂದ ಓಡಿಬಂದವರಿಗಾಗಿ ಹುಟ್ಟಿದ ಸಂಸ್ಥೆ ಅದು. ಬೈಲಕುಪ್ಪೆ, ಮುಂಡಗೋಡಗಳಲ್ಲಿ ಟಿಬೆಟನ್ ನಿರಾಶ್ರಿತರು ನೆಲೆಗೊಂಡ ಕಾಲದಲ್ಲಿ, 1968ರಲ್ಲಿ, ಅವರ ಪುನರ್ವಸತಿಗೆಂದು ಅದು ಆರಂಭವಾಯಿತು. ಆ ಕೆಲಸ ಮುಗಿಯುತ್ತ ಬಂದ ಮೇಲೆ ಇಲ್ಲಿಯ ಬಡವರ ಕಡೆ ತಿರುಗಿತು. ಸಣ್ಣ ಗುಂಪು ಕಟ್ಟಿ, ಉಳಿತಾಯ ಕೂಡಿಸಿ, ಒಳಸಾಲ ಕೊಡುವ ಸ್ವಸಹಾಯ ಸಂಘದ ಮಾದರಿಯನ್ನು ಬೆಳೆಸಿದವರಲ್ಲಿ ಅದೂ ಒಂದು. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಜತೆಗೂಡಿ 1991ರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ದೇವದಾಸಿ ಪುನರ್ವಸತಿ ಯೋಜನೆಗೆ ಕೈಹಾಕಿತು. ಅದೇ ಜಿಲ್ಲೆಯ ಅಥಣಿಯಲ್ಲಿ ವಕೀಲ ಬಿ.ಎಲ್. ಪಾಟೀಲರ ವಿಮೋಚನಾ ಸಂಸ್ಥೆ ದೇವದಾಸಿಯರ ಮಕ್ಕಳಿಗೆ ವಸತಿ ಶಾಲೆ ನಡೆಸುತ್ತಿತ್ತು.

ಮೈರಾಡ ಮಾಡಿದ ಒಳ್ಳೆಯ ಕೆಲಸ ತಾನು ಹಿಂದೆ ಸರಿದದ್ದು. 1997ರಲ್ಲಿ ಯೋಜನೆಯ ಹೊಣೆ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಎಂದರೆ 'ಮಾಸ್', ಹೆಸರಿನ ಸಂಘಕ್ಕೆ ದಾಟಿತು. ಅದರ ಸದಸ್ಯರು, ಪದಾಧಿಕಾರಿಗಳು ಮಾಜಿ ದೇವದಾಸಿಯರೇ. ಏಳು ವರ್ಷದವಳಿದ್ದಾಗ ಮುತ್ತು ಕಟ್ಟಿಸಿಕೊಂಡ ಸೀತವ್ವ ಜೋಡಟ್ಟಿ ಈ ಸಂಸ್ಥೆಯನ್ನು ಮುನ್ನಡೆಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೊಸದಾಗಿ ಮುತ್ತು ಕಟ್ಟುವ ಸುದ್ದಿ ಸಿಕ್ಕರೆ ಆ ಮನೆಗೆ ಹೋಗಿ ಕೂತು ಮಾತಾಡುವ ಕೆಲಸ ಪೊಲೀಸರಿಗಿಂತ ಇವರಿಗೆ ಸಲೀಸು. ಆ ಮನೆಯ ಭಯ ಏನೆಂದು ಇವರಿಗೆ ಗೊತ್ತು; ಮುಂದೆ ಏನಾಗುತ್ತದೆಂದೂ ಗೊತ್ತು.

ರೋಗದ ಹೆಸರಿನಲ್ಲಿ ಬಂದ ಹಣ

2000ದ ಹೊತ್ತಿಗೆ ಪರಿಸ್ಥಿತಿ ಬದಲಾಯಿತು. ಎಚ್‌ಐವಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹರಡಿತು. ಸವದತ್ತಿ, ರಾಮದುರ್ಗಗಳ ಪಕ್ಕದ ಬಾಗಲಕೋಟೆ ಜಿಲ್ಲೆಯಲ್ಲಿ ನಡೆದ ಒಂದು ಅಧ್ಯಯನ ಸಾಮಾನ್ಯ ಜನರಲ್ಲೇ ಸುಮಾರು 3 ಪ್ರತಿಶತ ಸೋಂಕು ಕಂಡಿತು. ರಾಜ್ಯದ ಲೈಂಗಿಕ ಕಾರ್ಯಕರ್ತೆಯರ ಇನ್ನೊಂದು ಅಧ್ಯಯನದಲ್ಲಿ ಸರಿಸುಮಾರು ನಾಲ್ವರಲ್ಲಿ ಒಬ್ಬರು ದೇವದಾಸಿ ಪದ್ಧತಿಯ ಮೂಲಕ ಈ ದಂಧೆಗೆ ಬಂದವರು. ಉತ್ತರದ ಜಿಲ್ಲೆಗಳಲ್ಲಿ ಆ ಪ್ರಮಾಣ ಇನ್ನೂ ಹೆಚ್ಚು.

ಆಗ ಹಣ ಬಂತು. ಕೆನಡಾ ಸರ್ಕಾರದ ನೆರವಿನಿಂದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ತಂಡ 2001ರಿಂದ ಕೆಲಸ ಮಾಡಿತು. 2003ರಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಹುಟ್ಟಿತು. ಅದೇ ವರ್ಷ ಗೇಟ್ಸ್ ಪ್ರತಿಷ್ಠಾನ ಆರು ರಾಜ್ಯಗಳಿಗಾಗಿ 'ಆವಾಹನ್' ಯೋಜನೆ ಆರಂಭಿಸಿತು. ಹಳ್ಳಿಹಳ್ಳಿಯಲ್ಲಿ ಪಟ್ಟಿ ತಯಾರಾಯಿತು, ಕಾಂಡೋಮ್ ಹಂಚಿಕೆ, ತಪಾಸಣೆ, ಚಿಕಿತ್ಸೆ ನಡೆದವು. ಸೋಂಕಿನ ಪ್ರಮಾಣ ಇಳಿಯಿತು, ಅನೇಕ ಜೀವ ಉಳಿದವು. ಈ ಸಾಧನೆಯನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಆದರೆ ಹತ್ತಾರು ವರ್ಷ ಕಣ್ಣಿಗೆ ಬೀಳದಿದ್ದವರು ಜಗತ್ತಿನ ಕಣ್ಣಿಗೆ ಬಿದ್ದದ್ದು ರೋಗ ಬಂದ ಮೇಲೆ. ಆ ರೋಗ ಅವರಿಂದ ಉಳಿದವರಿಗೆ ದಾಟಬಹುದೆಂಬ ಭಯವೂ ಆ ಹಣದ ಹಿಂದಿತ್ತು. ಪಟ್ಟಿಯಲ್ಲಿ ಅವರ ಹೆಸರು 'ಅಪಾಯದ ಗುಂಪು' ಎಂಬ ತಲೆಬರಹದಡಿ ಇತ್ತು. ಭೂಮಿ, ಮನೆ, ಮಕ್ಕಳ ಓದು ಆ ಲೆಕ್ಕದ ಅಂಚಿನಲ್ಲಿದ್ದವು. ಯೋಜನೆಯೊಳಗೇ ಇದನ್ನು ಅರಿತವರಿದ್ದರು. ಮುಧೋಳದ ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘದಂಥ ಸಮುದಾಯದ ಸಂಘಟನೆಗಳು ಈ ಕಾಲದಲ್ಲಿ ಬೆಳೆದವು; ಪೊಲೀಸ್ ಹೊಡೆತ, ರೇಶನ್ ಕಾರ್ಡ್, ಬ್ಯಾಂಕ್ ಖಾತೆಯ ವಿಷಯವನ್ನೂ ಕೈಗೆತ್ತಿಕೊಂಡವು. ಆವಾಹನ್ ಸರ್ಕಾರಕ್ಕೆ ಹಸ್ತಾಂತರವಾಗಿ ಬೇರೆಯವರ ಕಚೇರಿಗಳು ಮುಚ್ಚಿದ ಮೇಲೆ ನಿಂತದ್ದು ಇಂಥ ಸಂಘಗಳೇ.

ಮುಂದಿನ ಪೀಳಿಗೆಯನ್ನು ತಡೆದು ಉಳಿಸುವ ಪ್ರಯತ್ನವೂ ನಡೆಯಿತು. ಬ್ರಿಟಿಷ್ ನೆರವಿನ 'ಸಮತಾ' ಕಾರ್ಯಕ್ರಮ ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಪರಿಶಿಷ್ಟ ಸಮುದಾಯಗಳ ಹುಡುಗಿಯರು ಪ್ರೌಢಶಾಲೆ ಬಿಡದಂತೆ ನೋಡಿಕೊಳ್ಳಲು ಹೊರಟಿತು. ಕೊನೆಗೆ ಅಳೆದಾಗ, ಒಟ್ಟಾರೆಯಾಗಿ ಕಾರ್ಯಕ್ರಮ ನಡೆದ ಹಳ್ಳಿಗೂ ನಡೆಯದ ಹಳ್ಳಿಗೂ ಹೇಳಿಕೊಳ್ಳುವ ಅಂತರ ಕಾಣಲಿಲ್ಲ. ಎರಡೂ ಕಡೆ ಶಾಲೆಯಲ್ಲಿ ಉಳಿದ ಹುಡುಗಿಯರು ನಿರೀಕ್ಷೆಗಿಂತ ಹೆಚ್ಚಿದ್ದರು. ಸೈಕಲ್, ಬಿಸಿಯೂಟ, ಹಾಸ್ಟೆಲ್, ವಿದ್ಯಾರ್ಥಿವೇತನ, ಕಾಲದ ಗಾಳಿ ಎಲ್ಲ ಕೂಡಿ ಮಾಡಿದ ಕೆಲಸವಿರಬೇಕು ಅದು. ತನ್ನ ಯೋಜನೆಗೆ ಪ್ರತ್ಯೇಕ ಫಲ ಸಿಗಲಿಲ್ಲ ಎಂದು ಬರೆದು ಪ್ರಕಟಿಸಿದ ಪ್ರಾಮಾಣಿಕತೆ ಆ ಸಂಶೋಧಕರದು. ದಾನಿಗಳ ವರದಿಗಳಲ್ಲಿ ಇಂಥದ್ದು ವಿರಳ.

ಬಿಡಿಸಬೇಕೆ, ಬೆಂಬಲಿಸಬೇಕೆ

ಹೊರಗಿನವರೊಳಗೇ ಒಮ್ಮತವಿರಲಿಲ್ಲ. ಲಂಡನ್ನಿನ ಆಂಟಿ-ಸ್ಲೇವರಿ ಇಂಟರ್‌ನ್ಯಾಷನಲ್ 2007ರಲ್ಲಿ ಕರ್ನಾಟಕ, ಆಂಧ್ರಗಳ ಪದ್ಧತಿಯನ್ನು ಧಾರ್ಮಿಕ ಗುಲಾಮಗಿರಿ ಎಂದೇ ಕರೆದು ವರದಿ ತಂದಿತು. ಸಾಂಗ್ಲಿಯ ಸಂಗ್ರಾಮ್ ಸಂಸ್ಥೆ ಮತ್ತು ಅದರ ಜತೆಗಿನ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ ಬೇರೆಯೇ ಮಾತಾಡಿದವು. ಗಡಿಯಾಚೆಗೆ ಹೋಗಿ ನೆಲೆಸಿದ ಕನ್ನಡದ ದೇವದಾಸಿ ಹೆಂಗಸರೂ ಇರುವ ಈ ಪರಿಷತ್ತು, ತಮ್ಮನ್ನು ಬರೀ ಬಲಿಪಶುಗಳೆಂದು ನೋಡಬೇಡಿ, ದುಡಿಯುವವರೆಂದು ನೋಡಿ ಎಂದಿತು. ಅಮೆರಿಕದ ಏಡ್ಸ್ ನೆರವು ಪಡೆಯುವವರು ವೇಶ್ಯಾವೃತ್ತಿಯನ್ನು ವಿರೋಧಿಸುವ ಪ್ರತಿಜ್ಞೆಗೆ ಸಹಿ ಹಾಕಬೇಕೆಂಬ ಷರತ್ತು ಬಂದಾಗ ಸಂಗ್ರಾಮ್ 2005ರಲ್ಲಿ ಆ ಹಣ ಬೇಡವೆಂದಿತು. ಅಮೆರಿಕದ ಸಂಸ್ಥೆಗಳ ಮಟ್ಟಿಗೆ ಈ ಷರತ್ತು ಸಂವಿಧಾನಬಾಹಿರ ಎಂದು ಅಲ್ಲಿಯ ಸುಪ್ರೀಂ ಕೋರ್ಟೇ 2013ರಲ್ಲಿ ತೀರ್ಪು ಕೊಟ್ಟಿತು.

ಈ ಜಗಳದಲ್ಲಿ ಒಂದು ಪಕ್ಷ ಹಿಡಿಯುವುದು ಓದುಗರಿಗೆ ಸುಲಭ. ಬದುಕುವವರಿಗೆ ಹಾಗಲ್ಲ. ಏಳೆಂಟು ವರ್ಷದ ಹುಡುಗಿಗೆ ಮುತ್ತು ಕಟ್ಟುವುದು ಅಪರಾಧ, ಅದರಲ್ಲಿ ಚರ್ಚೆಯಿಲ್ಲ. ಐವತ್ತರ ಹೆಂಗಸಿಗೆ ಮಾನದ ಬದುಕು ಬೇಕು, ಅದರಲ್ಲೂ ಚರ್ಚೆಯಿಲ್ಲ. ಮೊದಲನೆಯವಳ ಕಾಯ್ದೆಯನ್ನು ಎರಡನೆಯವಳ ಮೇಲೆ ಹೇರಿದಾಗ, ಎರಡನೆಯವಳ ಹೆಸರಿನಲ್ಲಿ ಮೊದಲನೆಯವಳನ್ನು ಮರೆತಾಗ ಅನರ್ಥವಾಗಿದೆ.

ಘಾನಾದ ಟ್ರೊಕೊಸಿ ಪದ್ಧತಿ ದೇವದಾಸಿ ಪದ್ಧತಿಗೆ ಹತ್ತಿರದ್ದು. ಮನೆಯವರ ತಪ್ಪಿಗೆ ಪ್ರಾಯಶ್ಚಿತ್ತವೆಂದು ಹುಡುಗಿಯನ್ನು ಗುಡಿಗೆ ಒಪ್ಪಿಸುವ ಆಚಾರ ಅದು. 1998ರ ಕಾಯ್ದೆ ಅದನ್ನು ಅಪರಾಧವೆಂದಿತು, ಆದರೂ ಶಿಕ್ಷೆಯಾದದ್ದು ಅಪರೂಪ. ಹೊರಗಿನ ನೆರವಿನ ಸಂಸ್ಥೆಗಳು ಪೂಜಾರಿಗಳ ಜತೆ ಮಾತುಕತೆ ನಡೆಸಿ, ಹುಡುಗಿಗೆ ಬದಲಾಗಿ ದನ, ಹಣ ಒಪ್ಪಿಸಿ ಬಿಡಿಸಿದವು. ಅಲ್ಲಿಯೂ ಇಲ್ಲಿಯೂ ಕಂಡದ್ದು ಒಂದೇ: ಕಾಯ್ದೆ ಬಾಗಿಲು ತೋರಿಸುತ್ತದೆ, ದಾಟಿಸಲು ಆ ಊರವರೇ ಬೇಕು.

ನೋಡಲು ಬಂದವರು

ಬರಹ, ಚಿತ್ರಗಳೂ ಬಂದವು. ವಿಲಿಯಂ ಡಾಲ್ರಿಂಪಲ್ ಅವರ 2009ರ 'ನೈನ್ ಲೈವ್ಸ್' ಪುಸ್ತಕದ ಒಂದು ಅಧ್ಯಾಯ ಸವದತ್ತಿಯದು. 2011ರಲ್ಲಿ ಬಿಬಿಸಿ ದೇವದಾಸಿಯರ ಬಗ್ಗೆ ಸಾಕ್ಷ್ಯಚಿತ್ರ ಬಿತ್ತರಿಸಿತು. ಇವು ವಿಷಯವನ್ನು ಜಗತ್ತಿಗೆ ತಲುಪಿಸಿದವು. ಲೂಸಿಂಡಾ ರ‍್ಯಾಂಬರ್ಗ್ ಅವರ 2014ರ ಅಧ್ಯಯನ ಗ್ರಂಥ ಇನ್ನೊಂದು ಬಗೆಯದು: ಯಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡ ಜೋಗತಿಯರನ್ನು ಕುಟುಂಬ, ವಾರಸು, ಪೂಜೆಯ ಸಂಬಂಧಗಳೊಳಗಿಟ್ಟು ನೋಡಿ, ಸುಧಾರಣೆ ಅವರಿಂದ ಕಸಿದದ್ದೇನು ಎಂದೂ ಕೇಳಿತು. ಒಪ್ಪದವರೂ ಓದಬೇಕಾದ ಪ್ರಶ್ನೆ ಅದು. ಚೌಡಿಕೆ ಹಿಡಿದು ಹಾಡುವ ಹಕ್ಕು, ಪಡಲಿಗೆ ಹೊರುವ ಗೌರವ ಬಿಟ್ಟವರಿಗೆ ಬದಲಿಗೆ ಸಿಕ್ಕದ್ದು ಎಮ್ಮೆ ಸಾಲವೊಂದೇ ಆದರೆ ಲೆಕ್ಕ ಸರಿಹೋಗುವುದಿಲ್ಲ.

ರಾಜ್ಯ ಎಲ್ಲಿತ್ತು

ಕೊನೆಗೆ ಬಾಗಿಲು ತಟ್ಟಬೇಕಾದದ್ದು ರಾಜ್ಯದ್ದೇ. 1993-94ರ ಸಮೀಕ್ಷೆ 22,873 ದೇವದಾಸಿಯರನ್ನು ಗುರುತಿಸಿತು. 2007-08ರ ಸಮೀಕ್ಷೆಯ ಬಳಿಕ ಒಟ್ಟು ಸಂಖ್ಯೆ 46,660 ಆಯಿತು. ಪಟ್ಟಿಯಲ್ಲಿದ್ದವರಿಗೆ ಮಾಸಾಶನ, ಸಾಲ, ಮನೆ. ಪಟ್ಟಿಯಿಂದ ಬಿಟ್ಟುಹೋದವರಿಗೆ ಏನೂ ಇಲ್ಲ. ಕೆಲವು ನೂರು ರೂಪಾಯಿಯಿಂದ ಆರಂಭವಾದ ಮಾಸಾಶನ 1,500ಕ್ಕೆ ಏರಿತು. 2025-26ರ ಬಜೆಟ್ ಅದನ್ನು 2,000 ರೂಪಾಯಿ ಮಾಡಿತು. ದೇವದಾಸಿ ಮಹಿಳೆಯರ ವಿಮೋಚನಾ ಸಂಘದಂಥ ಸಂಘಟನೆಗಳು ಡಿಸಿ ಕಚೇರಿಗಳ ಮುಂದೆ ವರ್ಷಗಟ್ಟಲೆ ಧರಣಿ ಕೂತದ್ದನ್ನು ಮರೆತು ಈ ಅಂಕಿಗಳನ್ನು ಓದಬಾರದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2022ರಲ್ಲಿ ಸ್ವಯಂಪ್ರೇರಣೆಯಿಂದ ಕರ್ನಾಟಕವೂ ಸೇರಿ ಆರು ರಾಜ್ಯಗಳಿಗೆ ನೋಟಿಸು ಕೊಟ್ಟಿತು.

2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಹೊಸ ಮಸೂದೆ ಅಂಗೀಕರಿಸಿತು. 1982ರ ಕಾಯ್ದೆಯಲ್ಲಿ ಇಲ್ಲದ ಪರಿಹಾರ, ಪುನರ್ವಸತಿ ಇದರ ಹೆಸರಿನಲ್ಲೇ ಇದೆ. ದೇವದಾಸಿಯ ಮಕ್ಕಳಿಗೆ ಅರ್ಜಿಗಳಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ; ಬೇಕಾದರೆ ತಂದೆ ಯಾರೆಂದು ಸಾಬೀತುಪಡಿಸಿ ಆಸ್ತಿಯ ಪಾಲು ಕೇಳಬಹುದು. ಶಾಲೆಯ ದಾಖಲಾತಿಯಿಂದ ಜಾತಿ ಪ್ರಮಾಣಪತ್ರದವರೆಗೆ ತಂದೆಯ ಹೆಸರು ಕೇಳುವ ಆ ಒಂದು ಕಲಂ ಎಷ್ಟು ಮಕ್ಕಳ ತಲೆ ತಗ್ಗಿಸಿತ್ತೆಂದು ಬಲ್ಲವರಿಗೆ ಇದರ ಬೆಲೆ ಗೊತ್ತು. ತಂದೆಯ ಆಸ್ತಿಯ ಪಾಲು ಕೇಳುವ ಹಕ್ಕು ಊರ ಗಂಡಸರನ್ನೂ ಹೊಣೆಗಾರರನ್ನಾಗಿ ಎಳೆಯುತ್ತದೆ.

ತೂಕ

ಹೊರಗಿನ ನೆರವು ಮೂರು ಕೆಲಸ ಮಾಡಿದೆ. ಪದ್ಧತಿಯನ್ನು ಸಂಪ್ರದಾಯದ ಖಾತೆಯಿಂದ ತೆಗೆದು ಹಕ್ಕಿನ ಖಾತೆಗೆ ಹಾಕಿತು. ಸರ್ಕಾರ ಜಿನೀವಾದಲ್ಲಿ ಉತ್ತರ ಕೊಡಬೇಕಾದ ಸ್ಥಿತಿ ತಂದಿತು. ರೋಗದ ಕಾಲದಲ್ಲಿ ಜೀವ ಉಳಿಸಿತು. ಅದು ಮಾಡಲಾಗದ ಕೆಲಸವೂ ಮೂರಿವೆ: ಭೂಮಿ ಕೊಡಲಾರದು, ಠಾಣೆಯಲ್ಲಿ ಕೇಸು ಹಾಕಿಸಲಾರದು, ಊರ ಗೌಡರ ಎದುರು ವರ್ಷವಿಡೀ ನಿಲ್ಲಲಾರದು. ಇವನ್ನು ಮಾಡಬಲ್ಲವರು ಎರಡೇ: ರಾಜ್ಯ ಮತ್ತು ಆ ಹೆಣ್ಣುಮಕ್ಕಳ ಸಂಘ.

ಈಗ ಹೊರಗಿನ ಹಣವೇ ಬತ್ತುತ್ತಿದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 2020ರ ತಿದ್ದುಪಡಿ, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ಹಂಚುವುದನ್ನು ನಿಷೇಧಿಸಿತು. ದೊಡ್ಡ ಸಂಸ್ಥೆಗಳ ಮೂಲಕ ಹಳ್ಳಿಯ ಸಂಘಕ್ಕೆ ಇಳಿಯುತ್ತಿದ್ದ ಕಾಲುವೆ ಮುಚ್ಚಿತು. ಅಮೆರಿಕದ ಯುಎಸ್ಏಡ್ 2025ರಲ್ಲಿ ಬಾಗಿಲು ಹಾಕಿತು. ಇದನ್ನು ಸ್ವಾವಲಂಬನೆ ಎಂದು ಸಂಭ್ರಮಿಸುವವರು ಆ ಖಾಲಿ ಜಾಗವನ್ನು ತುಂಬುವ ಹೊಣೆಯನ್ನೂ ಹೊರಬೇಕು. ಹೊಸ ಕಾಯ್ದೆಯ ನಿಯಮಗಳು ಬೇಗ ಬರಬೇಕು. ಸಮೀಕ್ಷೆಯ ಪಟ್ಟಿಯನ್ನು ಸಂಘದ ಹೆಂಗಸರ ಜತೆ ಕೂತು ಮಾಡಬೇಕು, ಕಚೇರಿಯಲ್ಲಿ ಕೂತಲ್ಲ. ತಾಲ್ಲೂಕು ಮಟ್ಟದ ಸಮಿತಿಗಳಲ್ಲಿ ಮಾಜಿ ದೇವದಾಸಿಯರಿಗೆ ಮಾತಿನ ಜತೆ ಮತವೂ ಇರಬೇಕು. ಮಾಸಾಶನದ ಜತೆಗೆ ಅವರ ಎರಡೆಕರೆ ಹೊಲದ ಬೇಡಿಕೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಭಾರತ ಮುಂದಿನ ಸಲ ಜಿನೀವಾದಲ್ಲಿ ವರದಿ ಮಂಡಿಸುವಾಗ ದೇವದಾಸಿ ಎಂಬ ಪದ ಆ ಪಟ್ಟಿಯಿಂದ ಬಿಟ್ಟುಹೋದರೆ ಸಾಲದು. ಸವದತ್ತಿ, ರಾಮದುರ್ಗದ ಹೆಂಗಸೊಬ್ಬಳು ತನ್ನ ಹೆಸರಿನ ಪಹಣಿಯನ್ನೂ ಮಗಳ ಡಿಗ್ರಿ ಪ್ರಮಾಣಪತ್ರವನ್ನೂ ತೋರಿಸುವಂತಾದರೆ, ಹೊರಗಿನವರ ಕಳವಳಕ್ಕೆ ಅದಕ್ಕಿಂತ ಗಟ್ಟಿಯಾದ ಉತ್ತರ ಬೇಕಿಲ್ಲ.